ಪಾನಗೃಹದ ಸಂಗೀತವೂ ನೆರೆಯವರ ನಿದ್ರೆಯೂ: ನ್ಯೂಯಾರ್ಕ್ ನಗರದ ಕ್ಯಾಬರೆ ಶಾಸನದ ಚರಿತ್ರೆ (೧೯೨೬–೨೦೧೭)

೧

ಮದುವೆಯ ಮನೆಯ ವಾಲಗವು ಆ ಮನೆಯವರಿಗೆ ಮಂಗಳವಾದ್ಯ. ಗೋಡೆಯಾಚೆ ಜ್ವರದಿಂದ ಮಲಗಿರುವವನಿಗೆ ಬರಿಯ ಸದ್ದು. ಧ್ವನಿಯೊಂದೇ ಆದರೂ ಕೇಳುವವರ ಸ್ಥಿತಿಗನುಸಾರವಾಗಿ ಅದರ ಹೆಸರು ಬದಲಾಗುತ್ತದೆ. ನಾದ, ಸದ್ದು, ಗದ್ದಲ ಎಂಬ ಮಾತುಗಳನ್ನು ನಮ್ಮ ಭಾಷೆ ಬೇರೆ ಬೇರೆಯಾಗಿ ಇಟ್ಟುಕೊಂಡಿರುವುದು ಈ ಅನುಭವಕ್ಕೆ ತಕ್ಕುದಾಗಿಯೇ ಇದೆ. ಲೋಕವ್ಯವಹಾರದಲ್ಲಿ ಈ ಭೇದವನ್ನು ಅವರವರ ಕಿವಿಯೇ ನಿರ್ಣಯಿಸಿಕೊಳ್ಳುತ್ತದೆ. ಶಾಸನಕ್ಕೆ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಗದ್ದಲವನ್ನು ತಡೆಯಬೇಕೆಂದು ಹೊರಟ ಸರ್ಕಾರವು ಗದ್ದಲವೆಂದರೇನು ಎಂಬುದನ್ನು ಮೊದಲು ಹೇಳಬೇಕಾಗುತ್ತದೆ. ಹಾಗೆ ಹೇಳುವಾಗ ಅದರ ಮುಂದೆ ಎರಡು ದಾರಿಗಳಿರುತ್ತವೆ: ಧ್ವನಿಯನ್ನು ಅಳೆಯುವುದು ಒಂದು, ಧ್ವನಿ ಮಾಡುವವರನ್ನು ವಿಂಗಡಿಸುವುದು ಇನ್ನೊಂದು.

ಅಮೆರಿಕದ ನ್ಯೂಯಾರ್ಕ್ ನಗರವು ಈ ಎರಡು ದಾರಿಗಳನ್ನೂ ತುಳಿದಿದೆ. ೧೯೨೬ರಿಂದ ೨೦೧೭ರ ವರೆಗೆ, ಎಂದರೆ ತೊಂಬತ್ತೊಂದು ವರ್ಷಗಳ ಕಾಲ, ಅಲ್ಲಿ ಜಾರಿಯಲ್ಲಿದ್ದ ಕ್ಯಾಬರೆ ಶಾಸನವು ಎರಡನೆಯ ದಾರಿಗೆ ಉದಾಹರಣೆ. ಅದೇ ಅವಧಿಯಲ್ಲಿ ಆ ನಗರವು ಸದ್ದನ್ನು ಯಂತ್ರದಿಂದ ಅಳೆದು ನಿಯಂತ್ರಿಸುವ ಕ್ರಮವನ್ನೂ ಬೆಳೆಸಿತು. ಈ ಎರಡು ಕ್ರಮಗಳು ಹೇಗೆ ಅಕ್ಕಪಕ್ಕದಲ್ಲಿ ಬೆಳೆದವು, ಅವುಗಳಲ್ಲಿ ಒಂದು ಏಕೆ ಕುಸಿಯಿತು, ಇದರಿಂದ ಇಂದಿನ ನಗರಗಳು ಕಲಿಯಬಹುದಾದುದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಯವು ಮೇಲ್ನೋಟಕ್ಕೆ ಲಘುವಾಗಿ ತೋರಬಹುದು. ಆದರೆ ಒಂದು ಕಡೆ ಕಲಾವಿದರ ಅನ್ನ, ಇನ್ನೊಂದು ಕಡೆ ದುಡಿದು ದಣಿದವರ ನಿದ್ರೆ ಇದರಲ್ಲಿ ಅಡಕವಾಗಿರುವುದರಿಂದ, ಚರಿತ್ರೆಯ ವಿದ್ಯಾರ್ಥಿಗಳು ಇದನ್ನು ಕಡೆಗಣಿಸುವಂತಿಲ್ಲ.

೨

ನ್ಯೂಯಾರ್ಕಿನಲ್ಲಿ ಸದ್ದಿನ ಮೇಲಣ ದೂರು ಪಾನಗೃಹಗಳಿಂದ ಆರಂಭವಾದುದಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜೂಲಿಯಾ ಬಾರ್ನೆಟ್ ರೈಸ್ ಎಂಬ ಮಹಿಳೆ ನದಿಯಲ್ಲಿ ಸಂಚರಿಸುತ್ತಿದ್ದ ಎಳೆದೋಣಿಗಳ ಸಿಳ್ಳಿನಿಂದ ಬೇಸತ್ತು ಚಳವಳಿ ಹೂಡಿದರು. ೧೯೦೬ರಲ್ಲಿ ಅವರು ಅನಾವಶ್ಯಕ ಸದ್ದನ್ನು ಅಡಗಿಸುವುದಕ್ಕಾಗಿ ಒಂದು ಸಂಘವನ್ನು ಕಟ್ಟಿದರು. ಆಸ್ಪತ್ರೆಗಳ ಸುತ್ತಲಿನ ನಿಶ್ಶಬ್ದತೆಯು ಆ ಸಂಘದ ಮುಖ್ಯ ಗುರಿಗಳಲ್ಲೊಂದಾಗಿತ್ತು.

ಸದ್ದನ್ನು ಅಂಕಿಗಳಲ್ಲಿ ಹೇಳುವ ಕ್ರಮವು ಇದಕ್ಕೆ ಎರಡು ದಶಕಗಳ ತರುವಾಯ ಬಂದಿತು. ಬೆಲ್ ದೂರವಾಣಿ ಸಂಸ್ಥೆಯ ವಿಜ್ಞಾನಿಗಳು ೧೯೨೦ರ ದಶಕದ ಕೊನೆಯಲ್ಲಿ ಡೆಸಿಬೆಲ್ ಎಂಬ ಮಾನವನ್ನು ಬಳಕೆಗೆ ತಂದರು. ೧೯೨೯ರಲ್ಲಿ ನಗರದ ಆರೋಗ್ಯಾಧಿಕಾರಿ ಶರ್ಲಿ ವಿನ್ ಅವರು ಸದ್ದು ನಿವಾರಣೆಯ ಆಯೋಗವೊಂದನ್ನು ನೇಮಿಸಿದರು. ಆಯೋಗವು ಅಳತೆಯ ಯಂತ್ರಗಳನ್ನು ಹೊತ್ತ ಮೋಟಾರು ಬಂಡಿಯನ್ನು ಬೀದಿಬೀದಿಗೆ ಕಳುಹಿಸಿತು. ವೃತ್ತಪತ್ರಿಕೆಗಳ ಮೂಲಕ ಪ್ರಶ್ನಾವಳಿಯನ್ನು ಹಂಚಿ ಹನ್ನೊಂದು ಸಾವಿರಕ್ಕೂ ಮಿಕ್ಕ ನಿವಾಸಿಗಳಿಂದ ಉತ್ತರಗಳನ್ನು ಪಡೆಯಿತು. ೧೯೩೦ರಲ್ಲಿ ಪ್ರಕಟವಾದ ಅದರ ವರದಿಯಲ್ಲಿ ದೂರುಗಳ ಅಗ್ರಸ್ಥಾನವು ವಾಹನ ಸಂಚಾರ, ರೈಲು ಮುಂತಾದ ಸಾರಿಗೆಗೆ ಸಂದಿತು. ಮನೆ ಅಂಗಡಿಗಳ ರೇಡಿಯೋಗಳೂ ಪಟ್ಟಿಯಲ್ಲಿ ಎದ್ದು ಕಾಣುತ್ತಿದ್ದವು. ಮೇಯರ್ ಲ ಗಾರ್ಡಿಯಾ ಅವರು ೧೯೩೫ರ ಅಕ್ಟೋಬರಿನಲ್ಲಿ ರಾತ್ರಿಯ ವೇಳೆ ನಿಶ್ಶಬ್ದತೆಯನ್ನು ಕಾಪಾಡಬೇಕೆಂದು ನಗರವಾಸಿಗಳಿಗೆ ಕರೆಕೊಟ್ಟರು. ೧೯೩೬ರಲ್ಲಿ ಸದ್ದಿನ ವಿರುದ್ಧ ಕಟ್ಟಳೆಯೊಂದು ಹೊರಟಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪಾನಗೃಹದ ಸಂಗೀತವನ್ನು ಹತೋಟಿಗೆ ತಂದ ಶಾಸನವು ಈ ಅಳತೆಗಳಿಗಿಂತ ಮೂರು ವರ್ಷ ಮೊದಲೇ ಹುಟ್ಟಿತ್ತು. ಅಳತೆಯ ಫಲವಾಗಿ ಅದು ಬಂದುದಲ್ಲ.

೩

೧೯೨೬ರಲ್ಲಿ ನಗರದ ಆಲ್ಡರ್ಮನ್ನರ ಸಭೆ ಕ್ಯಾಬರೆ ಶಾಸನವನ್ನು ಅಂಗೀಕರಿಸಿತು. ಅನ್ನಪಾನಗಳನ್ನು ಮಾರುವ ಸ್ಥಳದಲ್ಲಿ ಹಾಡು, ವಾದ್ಯ, ಕುಣಿತಗಳು ನಡೆಯುವುದಾದರೆ ಅಂಥ ಸ್ಥಳಕ್ಕೆ ಪ್ರತ್ಯೇಕ ಲೈಸೆನ್ಸು ಬೇಕೆಂಬುದು ಅದರ ಸಾರ. ಆಗಿನ ಕಾಲಸ್ಥಿತಿಯನ್ನು ನೆನೆದಲ್ಲದೆ ಇದರ ಅರ್ಥವಾಗದು. ೧೯೨೦ರಿಂದ ೧೯೩೩ರ ವರೆಗೆ ಅಮೆರಿಕದಲ್ಲೆಲ್ಲ ಪಾನನಿರೋಧವಿದ್ದಿತು. ಆದರೆ ನ್ಯೂಯಾರ್ಕ್ ರಾಜ್ಯವು ನಿರೋಧವನ್ನು ಜಾರಿಗೊಳಿಸುವ ತನ್ನದೇ ಶಾಸನವನ್ನು ೧೯೨೩ರಲ್ಲಿ ರದ್ದುಗೊಳಿಸಿತ್ತು. ಗುಟ್ಟಾಗಿ ಮದ್ಯ ಮಾರುವ ಅಡ್ಡೆಗಳು ತುಂಬಿಹೋಗಿದ್ದ ನಗರದಲ್ಲಿ ಅವುಗಳ ಮೇಲೆ ಕೈಯಿಡಲು ಸ್ಥಳೀಯ ಆಡಳಿತಕ್ಕೆ ಬೇರೊಂದು ಹಿಡಿ ಬೇಕಾಗಿತ್ತು. ಸಂಗೀತದ ಲೈಸೆನ್ಸು ಆ ಹಿಡಿಯಾಯಿತೆಂದು ಊಹಿಸಲು ಅವಕಾಶವಿದೆ.

ಇದಿಷ್ಟೇ ಕಾರಣವೆಂದು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಈ ಶಾಸನದ ಚರಿತ್ರೆಯನ್ನು ೧೯೯೧ರಲ್ಲಿ ಗ್ರಂಥರೂಪದಲ್ಲಿ ಬರೆದ ಪಾಲ್ ಷೆವಿನ್ಯಿ ಎಂಬ ನ್ಯಾಯಶಾಸ್ತ್ರದ ಪ್ರಾಧ್ಯಾಪಕರು, ಹಾರ್ಲೆಮಿನ ಜಾಜ್ ಸಂಗೀತದ ಬಗೆಗೂ, ಕರಿಯರೂ ಬಿಳಿಯರೂ ಒಂದೆಡೆ ಕೂಡಿ ಕುಣಿಯುವುದರ ಬಗೆಗೂ ಅಂದಿನ ಅಧಿಕಾರಸ್ಥರಲ್ಲಿದ್ದ ಅಸಹನೆಯೇ ಇದರ ಬೇರುಗಳಲ್ಲೊಂದೆಂದು ವಾದಿಸಿದ್ದಾರೆ. ಶಾಸನದ ಅಕ್ಷರಗಳಲ್ಲಿ ಜನಾಂಗದ ಹೆಸರಿಲ್ಲ. ಆದರೆ ಶಾಸನದ ಉದ್ದೇಶವನ್ನು ಅದರ ಅಕ್ಷರಗಳಿಂದ ಮಾತ್ರವೇ ಅಲ್ಲದೆ ಅದರ ಹೊರೆ ಯಾರ ತಲೆಯ ಮೇಲೆ ಬಿದ್ದಿತೆಂಬುದರಿಂದಲೂ ಅಳೆಯುವುದು ಚರಿತ್ರಕಾರನ ಕರ್ತವ್ಯವಾಗಿದೆ.

ತಿದ್ದುಪಡಿಗಳಿಂದ ರೂಪುಗೊಂಡ ವಿನಾಯಿತಿಯು ಈ ದೃಷ್ಟಿಯಿಂದ ಬಹು ಸ್ವಾರಸ್ಯಕರವಾಗಿದೆ. ವಾದ್ಯಗಾರರು ಮೂವರಿಗೆ ಮೀರದೆ ಇದ್ದರೆ, ಅವರು ಪಿಯಾನೊ, ಆರ್ಗನ್, ಅಕಾರ್ಡಿಯನ್, ಗಿಟಾರ್ ಅಥವಾ ಬೇರೆ ತಂತಿವಾದ್ಯಗಳನ್ನು ಮಾತ್ರ ನುಡಿಸುವುದಾದರೆ, ಕ್ಯಾಬರೆ ಲೈಸೆನ್ಸು ಬೇಡ. ನಾಲ್ಕನೆಯವನು ಬಂದು ಕುಳಿತರೆ ಅಪರಾಧ. ಟ್ರಂಪೆಟ್, ಸ್ಯಾಕ್ಸೋಫೋನ್, ಡ್ರಮ್ಮು, ಎಂದರೆ ಊದುವ ಮತ್ತು ಬಾರಿಸುವ ವಾದ್ಯಗಳೆಲ್ಲವೂ, ಮೂವರೊಳಗೇ ಇದ್ದರೂ ಅಪರಾಧ. ಪಿಯಾನೊ, ದೊಡ್ಡ ಬೇಸ್ ಪಿಟೀಲು, ಗಿಟಾರುಗಳ ಮೇಳಕ್ಕೆ ಅಡ್ಡಿಯಿಲ್ಲ. ಗಿಟಾರಿನ ಸ್ಥಾನದಲ್ಲಿ ಡ್ರಮ್ಮು ಬಂದರೆ ಪಾನಗೃಹದ ಯಜಮಾನನು ದಂಡಕ್ಕೆ ಗುರಿ. ಊದುವ ಮತ್ತು ಬಾರಿಸುವ ವಾದ್ಯಗಳು ಜಾಜ್ ಸಂಗೀತದ ಜೀವಾಳ. ಶಾಸನವು ಜಾಜ್ ಎಂಬ ಹೆಸರನ್ನೆತ್ತದೆ ಜಾಜನ್ನು ಗುರುತಿಸಿತ್ತು.

ಕ್ಯಾಬರೆ ಲೈಸೆನ್ಸು ಪಡೆಯುವುದೂ ಸುಲಭವಾಗಿರಲಿಲ್ಲ. ನಗರದ ವಲಯ ನಿಯಮಗಳು ಅಂಥ ಸ್ಥಳಗಳನ್ನು ಕೆಲವೇ ವಾಣಿಜ್ಯ ಮತ್ತು ಕೈಗಾರಿಕಾ ಪ್ರದೇಶಗಳಿಗೆ ಮಿತಗೊಳಿಸಿದ್ದವು. ಹೀಗಾಗಿ ಕೆಳಗೆ ಪಾನಗೃಹ, ಮೇಲೆ ಬಾಡಿಗೆಮನೆಗಳು ಎಂಬಂತೆ ಬೆಳೆದ ಹಳೆಯ ಬೀದಿಗಳಲ್ಲಿನ ಚಿಕ್ಕ ಅಂಗಡಿಗಳಿಗೆ ಈ ವಿನಾಯಿತಿಯೇ ಗತಿ.

೪

ಸ್ಥಳದ ಮೇಲಣ ಲೈಸೆನ್ಸಿನ ಜೊತೆಗೆ ೧೯೪೦ರಿಂದ ವ್ಯಕ್ತಿಯ ಮೇಲೂ ಲೈಸೆನ್ಸು ಬಂದಿತು. ರಾತ್ರಿಯ ವಿನೋದಗೃಹಗಳಲ್ಲಿ ದುಡಿಯುವವರೆಲ್ಲರೂ ಪೊಲೀಸು ಇಲಾಖೆಗೆ ಬೆರಳಗುರುತು ಕೊಟ್ಟು ಕ್ಯಾಬರೆ ಚೀಟಿಯೊಂದನ್ನು ಪಡೆಯಬೇಕಾಯಿತು. ಮಾದಕ ವಸ್ತುಗಳ ಸಂಬಂಧದಲ್ಲಿ ಶಿಕ್ಷೆಗೊಳಗಾದವರಿಗೆ ಚೀಟಿಯನ್ನು ನಿರಾಕರಿಸಲಾಗುತ್ತಿತ್ತು. ಗಾಯಕಿ ಬಿಲ್ಲಿ ಹಾಲಿಡೇ ೧೯೪೭ರ ಶಿಕ್ಷೆಯ ತರುವಾಯ ಚೀಟಿಯನ್ನು ಕಳೆದುಕೊಂಡರು. ಮರುವರ್ಷ ಮಾರ್ಚಿಯಲ್ಲಿ ಅವರು ಕಾರ್ನೆಗೀ ಸಭಾಂಗಣದಲ್ಲಿ ಹಾಡಿದರು. ಅದು ಪಾನಗೃಹವಲ್ಲವಾದ ಕಾರಣ ಅಲ್ಲಿ ಚೀಟಿಯ ಪ್ರಶ್ನೆ ಏಳಲಿಲ್ಲ. ಸಾವಿರಾರು ಜನರ ಸಭೆಯಲ್ಲಿ ಹಾಡಬಲ್ಲವರು ನೂರು ಜನರ ಮದ್ಯಶಾಲೆಯಲ್ಲಿ ಹಾಡಕೂಡದೆಂಬ ಈ ವಿಪರ್ಯಾಸವು ಶಾಸನದ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಪಿಯಾನೊ ವಾದಕ ಥೆಲೋನಿಯಸ್ ಮಂಕ್ ೧೯೫೧ರಲ್ಲಿ ಚೀಟಿ ಕಳೆದುಕೊಂಡು ೧೯೫೭ರ ವರೆಗೆ ತಮ್ಮ ಊರಿನ ವಿನೋದಗೃಹಗಳಲ್ಲಿ ಬಹಿರಂಗವಾಗಿ ನುಡಿಸಲಾರದೆ ಹೋದರು. ಚೀಟಿ ಮರಳಿ ಬಂದ ಮೇಲೆ ಫೈವ್ ಸ್ಪಾಟ್ ಎಂಬ ಚಿಕ್ಕ ಪಾನಗೃಹದಲ್ಲಿ ಅವರು ನಡೆಸಿಕೊಟ್ಟ ಕಚೇರಿಗಳು ಅವರ ಕೀರ್ತಿಯ ಪುನರುದಯಕ್ಕೆ ಕಾರಣವಾದವು. ಪ್ರತಿಭಾವಂತನ ಜೀವನದ ಆರು ವರ್ಷಗಳ ಬೆಲೆಯನ್ನು ಯಾವ ದಂಡದ ಪಟ್ಟಿಯಲ್ಲಿಯೂ ಬರೆದಿಡಲಾಗದು.

೧೯೬೦ರಲ್ಲಿ ಲಾರ್ಡ್ ಬಕ್ಲಿ ಎಂಬ ಹಾಸ್ಯಕಾರನ ಚೀಟಿಯನ್ನು ಪೊಲೀಸರು ಕಿತ್ತುಕೊಂಡರು. ಕೆಲವೇ ವಾರಗಳಲ್ಲಿ ಆತನು ಮರಣ ಹೊಂದಿದನು. ಈ ಪ್ರಕರಣವು ಸಾರ್ವಜನಿಕರಲ್ಲಿ ಕೋಪವನ್ನೆಬ್ಬಿಸಿತು. ೧೯೬೭ರಲ್ಲಿ ಚೀಟಿಯ ಪದ್ಧತಿ ರದ್ದಾಯಿತು. ಸ್ಥಳದ ಲೈಸೆನ್ಸೂ ಮೂವರ ನಿಯಮವೂ ಉಳಿದುಕೊಂಡವು.

ಇಷ್ಟೆಲ್ಲದರಲ್ಲಿ ನೆರೆಯವರ ನಿದ್ರೆಯ ಪ್ರಶ್ನೆ ಎಲ್ಲಿಯೂ ನೇರವಾಗಿ ಬಾರದಿರುವುದನ್ನು ವಾಚಕರು ಗಮನಿಸಿರಬಹುದು. ಚೀಟಿಯಿಲ್ಲದ ಪಿಯಾನೊ ವಾದಕನು ಚೀಟಿಯಿರುವವನಿಗಿಂತ ಹೆಚ್ಚು ಸದ್ದು ಮಾಡುವುದಿಲ್ಲ.

೫

ಮೂವರ ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವರು ವಾದ್ಯಗಾರರೇ. ಈ ವ್ಯಾಜ್ಯಕ್ಕೆ ಹೆಸರಿತ್ತ ವಾರನ್ ಷ್ಯಾಸನ್ ಅವರು ವೈಬ್ರಫೋನ್ ವಾದಕರು; ಅದು ಲೋಹದ ಪಟ್ಟಿಗಳನ್ನು ಕೋಲಿನಿಂದ ತಟ್ಟಿ ನುಡಿಸುವ ಮೃದುನಾದದ ವಾದ್ಯ, ಆದರೂ ಬಾರಿಸುವ ವಾದ್ಯಗಳ ವರ್ಗಕ್ಕೆ ಸೇರಿದುದು. ವಾದ್ಯಗಾರರ ಕಾರ್ಮಿಕ ಸಂಘದ ಸ್ಥಳೀಯ ಶಾಖೆ ಅವರಿಗೆ ಬೆಂಬಲವಾಗಿ ನಿಂತಿತು. ಮೇಲೆ ಹೇಳಿದ ಷೆವಿನ್ಯಿ ಅವರೇ ಅವರ ಪರವಾಗಿ ವಾದಿಸಿದರು.

ನಗರದ ವಾದವು ಮೇಲ್ನೋಟಕ್ಕೆ ಯುಕ್ತವಾಗಿಯೇ ಇತ್ತು. ವಾದ್ಯಗಾರರು ಹೆಚ್ಚಿದಷ್ಟೂ ಸದ್ದು ಹೆಚ್ಚು, ಜನಸಂದಣಿ ಹೆಚ್ಚು; ಆದುದರಿಂದ ವಸತಿಗಳಿರುವ ಬೀದಿಯಲ್ಲಿ ಮಿತಿ ಅಗತ್ಯ. ಆದರೆ ಶಾಸನವು ಬರೆಯಲ್ಪಟ್ಟ ಕಾಲಕ್ಕೂ ಈ ಕಾಲಕ್ಕೂ ನಡುವೆ ಧ್ವನಿವರ್ಧಕವೆಂಬ ಸಾಧನವು ಬೆಳೆದು ನಿಂತಿತ್ತು. ವಿದ್ಯುತ್ತಿಗೆ ಜೋಡಿಸಿದ ಒಂದೇ ಗಿಟಾರು ಗೋಡೆಗಳನ್ನು ನಡುಗಿಸಬಲ್ಲದು. ಶಾಸನಕ್ಕೆ ಅದು ಸಮ್ಮತವಾದ ತಂತಿವಾದ್ಯ. ಸಹಜಧ್ವನಿಯ ಕೊಳಲೊಂದು ಪಕ್ಕದ ಕೊಠಡಿಗೆ ಕೇಳಿಸದಿರಬಹುದು. ಶಾಸನಕ್ಕೆ ಅದು ನಿಷಿದ್ಧವಾದ ಊದುವ ವಾದ್ಯ. ವಾದ್ಯದ ಜಾತಿಯನ್ನೂ ತಲೆಯ ಎಣಿಕೆಯನ್ನೂ ನೋಡಿ ಸದ್ದನ್ನು ತಿಳಿಯುವೆನೆನ್ನುವುದು, ಚೀಲದ ಬಣ್ಣವನ್ನು ನೋಡಿ ಅಕ್ಕಿಯ ತೂಕವನ್ನು ಹೇಳುವೆನೆಂದಂತೆ.

ನ್ಯೂಯಾರ್ಕ್ ರಾಜ್ಯದ ಸುಪ್ರೀಂ ಕೋರ್ಟು ೧೯೮೬ರಲ್ಲಿ ವಾದ್ಯಗಳ ಮೇಲಣ ನಿಷೇಧವನ್ನೂ, ೧೯೮೮ರಲ್ಲಿ ಮೂವರ ಮಿತಿಯನ್ನೂ ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಆ ರಾಜ್ಯದಲ್ಲಿ ಈ ಹೆಸರು ವಿಚಾರಣಾ ನ್ಯಾಯಾಲಯಕ್ಕೆ ಸಲ್ಲುತ್ತದೆ, ಅತ್ಯುಚ್ಚ ನ್ಯಾಯಾಲಯಕ್ಕಲ್ಲ, ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಸಂಗೀತವೂ ಅಭಿವ್ಯಕ್ತಿಯೇ ಆದುದರಿಂದ ಅದಕ್ಕೆ ಸಂವಿಧಾನದ ರಕ್ಷಣೆಯುಂಟು. ಅದರ ಮೇಲೆ ಮಿತಿ ಹಾಕಬೇಕಾದರೆ ಆ ಮಿತಿಗೂ ತಡೆಯಬೇಕಾದ ಕೇಡಿಗೂ ನಿಜವಾದ ಸಂಬಂಧವಿರಬೇಕು ಎಂಬುದು ಈ ತೀರ್ಪುಗಳ ತಾತ್ಪರ್ಯ.

ಕುಣಿತಕ್ಕೆ ಮಾತ್ರ ಈ ರಕ್ಷಣೆ ದೊರೆಯಲಿಲ್ಲ. ೧೯೯೦ರ ದಶಕದಲ್ಲಿ ಮೇಯರ್ ಜೂಲಿಯಾನಿಯವರ ಆಡಳಿತವು ಲೈಸೆನ್ಸಿಲ್ಲದ ಸ್ಥಳಗಳಲ್ಲಿ ಗಿರಾಕಿಗಳು ಕುಣಿಯುವುದರ ವಿರುದ್ಧ ಶಾಸನವನ್ನು ಹುರುಪಿನಿಂದ ಬಳಸಿತು. ಜನರು ವಿನೋದಕ್ಕಾಗಿ ಕುಣಿಯುವುದು ಸಂವಿಧಾನ ರಕ್ಷಿಸುವ ಅಭಿವ್ಯಕ್ತಿಯಲ್ಲವೆಂದು ೨೦೦೬ರಲ್ಲಿ ನ್ಯಾಯಾಲಯವು ಹೇಳಿತು. ಮರುವರ್ಷ ಮೇಲ್ಮನವಿಯಲ್ಲಿಯೂ ಅದೇ ನಿರ್ಣಯ ಉಳಿಯಿತು.

೬

ಈಗ ಇನ್ನೊಂದು ದಾರಿಯತ್ತ ತಿರುಗೋಣ. ೧೯೭೨ರಲ್ಲಿ ನಗರವು ಸದ್ದಿನ ನಿಯಂತ್ರಣಕ್ಕಾಗಿ ಸಮಗ್ರ ಸಂಹಿತೆಯೊಂದನ್ನು ರಚಿಸಿತು. ೨೦೦೫ರಲ್ಲಿ ಅದನ್ನು ಪರಿಷ್ಕರಿಸಿ ೨೦೦೭ರ ಜುಲೈಯಿಂದ ಜಾರಿಗೆ ತರಲಾಯಿತು. ಪರಿಷ್ಕೃತ ಸಂಹಿತೆಯ ಪ್ರಕಾರ ಪಾನಗೃಹವೇ ಮೊದಲಾದ ವ್ಯಾಪಾರಸ್ಥಳದ ಸಂಗೀತವು ಹತ್ತಿರದ ವಾಸದ ಮನೆಯೊಳಗೆ ೪೨ ಡೆಸಿಬೆಲ್ಲುಗಳನ್ನು ಮೀರಕೂಡದು. ಈ ಅಳತೆಯಲ್ಲಿ ಎರಡು ವಿವೇಕಗಳಿವೆ. ಮೊದಲನೆಯದು, ಅಳೆಯುವ ಸ್ಥಳವು ಪಾನಗೃಹವಲ್ಲ, ದೂರುಗಾರನ ಕೊಠಡಿ. ಒಳಗೆ ಎಷ್ಟು ಮಂದಿ ಯಾವ ವಾದ್ಯ ನುಡಿಸುತ್ತಿದ್ದಾರೆಂಬುದು ಅಧಿಕಾರಿಗೆ ಬೇಡ. ನೊಂದವನ ಕಿವಿಗೆ ತಲುಪಿದುದೆಷ್ಟೆಂಬುದು ಬೇಕು. ಎರಡನೆಯದು, ಕೆಳಶ್ರುತಿಯ ಧ್ವನಿಗೆ ಬೇರೆ ಅಳತೆಯನ್ನಿಟ್ಟಿದ್ದು. ಮಂದ್ರಧ್ವನಿಯು ಇಟ್ಟಿಗೆ ತೊಲೆಗಳನ್ನು ಹಾದು ಮೇಲಿನ ಅಂತಸ್ತನ್ನು ಸುಲಭವಾಗಿ ಸೇರುತ್ತದೆ. ಹಾಡಿನ ಪದಗಳು ಕೇಳಿಸದಿದ್ದರೂ ಮಂಚವು ಮಿಡಿಯುತ್ತದೆ ಎಂದು ದೂರುವವನು ಉತ್ಪ್ರೇಕ್ಷೆ ಮಾಡುತ್ತಿರುವುದಿಲ್ಲ. ಸಾಮಾನ್ಯ ಅಳತೆಯು ಆ ಮಿಡಿತವನ್ನು ಪೂರ್ತಿಯಾಗಿ ಹಿಡಿಯದು.

ಆದರೆ ಅಳತೆಯಿಂದಲೇ ಎಲ್ಲವೂ ಬಗೆಹರಿಯಿತೆನ್ನುವಂತಿಲ್ಲ. ೨೦೦೩ರ ಮಾರ್ಚಿಯಿಂದ ನಗರದ ಪಾನಗೃಹಗಳೊಳಗೆ ಧೂಮಪಾನ ನಿಷಿದ್ಧವಾದಾಗ ಗಿರಾಕಿಗಳು ಬಾಗಿಲ ಹೊರಗೆ ಬಂದು ನಿಂತರು. ಅವರ ಮಾತು ನಗೆಗಳು ಮಧ್ಯರಾತ್ರಿಯ ಬೀದಿಯನ್ನು ತುಂಬಿದವು. ಅದೇ ವರ್ಷ ೩೧೧ ಎಂಬ ದೂರವಾಣಿ ಸಂಖ್ಯೆಯ ಮೂಲಕ ದೂರು ಕೊಡುವ ಸೌಕರ್ಯವೂ ದೊರೆಯಿತು. ದೂರು ಸುಲಭವಾದಾಗ ದೂರುಗಳು ಹೆಚ್ಚುತ್ತವೆ. ಆ ಹೆಚ್ಚಳವೆಲ್ಲವೂ ಸದ್ದಿನ ಹೆಚ್ಚಳವಲ್ಲವೆಂಬುದನ್ನು ಅಂಕಿಸಂಖ್ಯೆಗಳನ್ನು ಬಳಸುವ ಸಂಶೋಧಕನು ಮರೆಯಬಾರದು. ಇದಲ್ಲದೆ ೧೯೯೩ರ ರಾಜ್ಯ ಶಾಸನವೊಂದರಿಂದ, ಐನೂರು ಅಡಿಗಳೊಳಗೆ ಆಗಲೇ ಮೂರು ಮದ್ಯಶಾಲೆಗಳಿದ್ದರೆ ಹೊಸ ಲೈಸೆನ್ಸಿಗೆ ಮೊದಲು ವಿಚಾರಣೆ ನಡೆಸಬೇಕಾಗಿತ್ತು. ನೆರೆಹೊರೆಯ ಮಂಡಲಿಗಳು ಅಲ್ಲಿ ತಮ್ಮ ಅಭಿಪ್ರಾಯವನ್ನು ಹೇಳುತ್ತವೆ. ಬಾಗಿಲು ಮುಚ್ಚುವ ವೇಳೆ, ಸಂಗೀತದ ಬಗೆ ಮುಂತಾದವುಗಳ ಮೇಲೆ ಕರಾರು ಮಾಡಿಸುತ್ತವೆ. ನ್ಯಾಯಾಲಯವು ತೆಗೆದುಹಾಕಿದ ಮಿತಿಯು ಕರಾರಿನ ರೂಪದಲ್ಲಿ ಹಿಂದಿನ ಬಾಗಿಲಿನಿಂದ ಮರಳಿ ಬರಲು ಇಲ್ಲಿ ಎಡೆಯುಂಟು.

೨೦೧೭ರ ಹೊತ್ತಿಗೆ ನಗರದ ಸುಮಾರು ೨೫,೦೦೦ ಊಟ ಪಾನಗಳ ಸ್ಥಳಗಳಲ್ಲಿ ಕ್ಯಾಬರೆ ಲೈಸೆನ್ಸು ಇದ್ದವು ನೂರರ ಆಸುಪಾಸಿನಲ್ಲಿ ಮಾತ್ರವೆಂದು ಹೇಳಲಾಯಿತು. ಹೀಗೆ ಬಹುಮಂದಿ ಪಾಲಿಸದ, ಬೇಕಾದವರ ಮೇಲೆ ಮಾತ್ರ ಬೀಸಬಹುದಾದ ಶಾಸನವು ಶಾಸನವೆಂಬ ಹೆಸರಿಗೆ ಕುಂದು. ನಗರಸಭೆಯ ಸದಸ್ಯ ರಫಾಯೆಲ್ ಎಸ್ಪಿನಾಲ್ ಅವರು ಮಂಡಿಸಿದ ರದ್ದತಿ ಮಸೂದೆಯು ಆ ವರ್ಷದ ಅಕ್ಟೋಬರಿನಲ್ಲಿ ಅಂಗೀಕಾರವಾಗಿ, ನವೆಂಬರಿನಲ್ಲಿ ಮೇಯರ್ ಡಿ ಬ್ಲಾಸಿಯೊ ಅವರ ಸಹಿಯನ್ನು ಪಡೆಯಿತು. ಆದರೂ ಕುಣಿತದ ಮೇಲೆ ವಲಯ ನಿಯಮಗಳು ಹಾಕಿದ್ದ ಅಡ್ಡಿ ಉಳಿದೇ ಇತ್ತು. ಅದು ಬಹುಮಟ್ಟಿಗೆ ಸಡಿಲಾದುದು ೨೦೨೪ರ ಜೂನಿನಲ್ಲಿ. ಶಾಸನದ ಕಾಂಡವನ್ನು ಕಡಿದರೂ ಅದರ ಬೇರು ಬೇರೆ ಕಟ್ಟಳೆಗಳಲ್ಲಿ ಹರಿದಿರುತ್ತದೆಂಬುದಕ್ಕೆ ಇದು ನಿದರ್ಶನ.

ರದ್ದತಿಯ ಜೊತೆಗೇ ರಾತ್ರಿಜೀವನಕ್ಕೆಂದು ನಗರವು ಪ್ರತ್ಯೇಕ ಕಚೇರಿಯನ್ನು ತೆರೆಯಿತು. ೨೦೧೮ರಲ್ಲಿ ಅದರ ಮೊದಲ ಮುಖ್ಯಸ್ಥರಾಗಿ ಬಂದವರು ಹಿಂದೆ ಪಾನಗೃಹವನ್ನು ನಡೆಸಿದ್ದವರು, ನೆರೆಹೊರೆಯ ಮಂಡಲಿಯಲ್ಲಿಯೂ ಕುಳಿತಿದ್ದವರು. ೨೦೨೦ರಲ್ಲಿ ಈ ಕಚೇರಿಯ ಸಹಯೋಗದಿಂದ ದೂರುಗಾರನನ್ನೂ ಯಜಮಾನನನ್ನೂ ಮಧ್ಯಸ್ಥರ ಮುಂದೆ ಕೂಡಿಸಿ ಮಾತನಾಡಿಸುವ ವ್ಯವಸ್ಥೆ ಮೊದಲಾಯಿತು. ನಮ್ಮ ಹಳ್ಳಿಗಳ ಪಂಚಾಯಿತಿಕಟ್ಟೆಯನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಧ್ವನಿವರ್ಧಕವನ್ನು ಗೋಡೆಯಿಂದ ಸರಿಸುವುದು, ಬಾಗಿಲಿಗೆ ದಪ್ಪನೆಯ ತೆರೆ ಕಟ್ಟುವುದು, ಕಚೇರಿಯನ್ನು ಒಂದು ಗಂಟೆ ಮೊದಲು ಮುಗಿಸುವುದು ಮುಂತಾದ ಉಪಾಯಗಳಿಗೆ ಎದುರುಬದುರು ಕುಳಿತವರು ಬೇಗ ಒಪ್ಪುತ್ತಾರೆ.

೭

ಇನ್ನು ಮೊದಲು ಬಂದವರಾರು ಎಂಬ ಪ್ರಶ್ನೆ. ಹಳೆಯ ಪಾನಗೃಹದ ಮೇಲೆ ಹೊಸ ಮನೆ ಕಟ್ಟಿದವನು ಸದ್ದಿನ ಬಗ್ಗೆ ದೂರಬಹುದೆ? ೧೮೭೯ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ಮಿಠಾಯಿ ತಯಾರಕನೊಬ್ಬನ ಒರಳುಗಳ ಸದ್ದಿನ ವಿರುದ್ಧ ನೆರೆಯ ವೈದ್ಯನೊಬ್ಬನು ಹೂಡಿದ ವ್ಯಾಜ್ಯದಲ್ಲಿ, ಉಪದ್ರವವಿದ್ದೆಡೆಗೆ ದೂರುಗಾರನೇ ತಾನಾಗಿ ಬಂದನೆಂಬುದು ಸಮರ್ಥನೆಯಾಗದೆಂದು ತೀರ್ಮಾನಿಸಿತ್ತು. ಈಚೆಗೆ ಈ ಭಾವನೆ ಬದಲಾಗುತ್ತಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತವು ೨೦೧೪ರಲ್ಲಿಯೂ, ಇಂಗ್ಲೆಂಡು ೨೦೧೮ರಲ್ಲಿಯೂ, ಬದಲಾವಣೆ ತಂದವನೇ ಸದ್ದು ತಡೆಯುವ ಹೊಣೆ ಹೊರಬೇಕೆಂಬ ತತ್ತ್ವವನ್ನು ತಮ್ಮ ಯೋಜನಾ ನಿಯಮಗಳಲ್ಲಿ ಸೇರಿಸಿದವು. ಹೊಸ ಮನೆ ಕಟ್ಟುವವನು ದಪ್ಪ ಗಾಜು ಹಾಕಲಿ. ಹೊಸ ಪಾನಗೃಹ ತೆರೆಯುವವನು ಗೋಡೆಯನ್ನು ಭದ್ರಪಡಿಸಲಿ ಎಂಬುದು ಇದರ ಅರ್ಥ.

ನಮ್ಮ ಬೆಂಗಳೂರಿಗೂ ಈ ವಿಚಾರವು ಹೊರತಲ್ಲ. ೧೯೬೩ರ ಕರ್ನಾಟಕ ಪೊಲೀಸು ಕಾಯಿದೆಯ ಆಧಾರದ ಮೇಲೆ ೨೦೦೫ರಲ್ಲಿ ಹೊರಟ ಆಜ್ಞೆಯು ನಗರದ ಉಪಾಹಾರಗೃಹಗಳಲ್ಲಿನ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೋಗಳಿಗೆ ಪೊಲೀಸು ಲೈಸೆನ್ಸನ್ನು ವಿಧಿಸಿತು. ಇದು ಸಾರ್ವಜನಿಕ ಹಿತದೃಷ್ಟಿಯಿಂದ ಸಮಂಜಸವಾದ ನಿರ್ಬಂಧವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೮ರ ಜನವರಿಯಲ್ಲಿ ಎತ್ತಿಹಿಡಿಯಿತು. ಬೇರೊಂದೆಡೆ ಕೇಂದ್ರ ಸರ್ಕಾರದ ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್ಲುಗಳ ಮಿತಿಯನ್ನಿಟ್ಟಿವೆ; ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರ ವರೆಗೆ. ಹೀಗೆ ನಮ್ಮಲ್ಲಿಯೂ ಒಂದು ನಿಯಮ ಸ್ಥಳವನ್ನು ವಿಂಗಡಿಸುತ್ತದೆ, ಇನ್ನೊಂದು ಸದ್ದನ್ನು ಅಳೆಯುತ್ತದೆ. ಹೋಲಿಕೆಯನ್ನು ಅತಿಯಾಗಿ ಎಳೆಯುವುದು ಸಲ್ಲದು. ಬೆಂಗಳೂರಿನ ಆಜ್ಞೆಯ ಹಿಂದೆ ದುಡಿಯುವ ಹೆಂಗಸರ ರಕ್ಷಣೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಬೇರೆ ಉದ್ದೇಶಗಳೂ ಇವೆ. ಆದರೆ ಆ ಉದ್ದೇಶಗಳಿಗಾಗಿ ಮಾಡಿದ ಲೈಸೆನ್ಸನ್ನು ಸದ್ದಿನ ದೂರಿಗೆ ಉತ್ತರವಾಗಿ ಬಳಸಿದಾಗ, ಲೈಸೆನ್ಸಿಲ್ಲದೆ ಮೆಲ್ಲಗೆ ನುಡಿಸುವ ಗಿಟಾರು ನಿಂತುಹೋಗುತ್ತದೆ, ಲೈಸೆನ್ಸಿರುವ ದೊಡ್ಡ ಧ್ವನಿವರ್ಧಕ ಮೊಳಗುತ್ತಲೇ ಇರುತ್ತದೆ.

ನ್ಯೂಯಾರ್ಕಿನ ಚರಿತ್ರೆಯಿಂದ ತೇಲುವ ತಾತ್ಪರ್ಯ ಇಷ್ಟು. ನೆರೆಯವರ ದೂರು ನಿಜವಾದುದು. ಬೆಳಗಿನ ಪಾಳಿಗೆ ಹೋಗಬೇಕಾದವನ ನಿದ್ರೆ ಯಾವ ರಾಗಕ್ಕೂ ಕಡಿಮೆಯದಲ್ಲ. ಅದನ್ನು ಕಾಯಲು ಅವನ ಕೊಠಡಿಯಲ್ಲಿ ಯಂತ್ರವನ್ನಿಟ್ಟು ಅಳೆಯುವುದು ನ್ಯಾಯವಾದ ಮಾರ್ಗ. ಆ ನಗರವು ಬಹುಕಾಲ ಆ ಕೆಲಸ ಮಾಡದೆ ವಾದ್ಯಗಳ ಕುಲವನ್ನೂ ವಾದ್ಯಗಾರರ ನಡತೆಯನ್ನೂ ವಿಚಾರಿಸುತ್ತ ಕುಳಿತಿತು. ಇದರ ಫಲವಾಗಿ ಮಂಕ್ ಅಂಥವರು ಮೌನವಾದರು. ಮೇಲಂತಸ್ತಿನವನಿಗೆ ಅದರಿಂದ ಹೆಚ್ಚು ನಿದ್ರೆ ಬಂದುದಕ್ಕೆ ಆಧಾರ ಕಾಣದು.